ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬೇಕಾ?

ಪರ: ಒಂದು ಪೆನ್‌ಡ್ರೈವ್ ಇದ್ದರೆ ಸಾಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ನನ್ನ ಲ್ಯಾಪ್‌ಟಾಪ್ 2015ರದ್ದು. ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 11 ಇದನ್ನು ಸೇರಿಸುವುದಿಲ್ಲ. ಆದರೆ ಪರದೆ ಚೆನ್ನಾಗಿದೆ, ಒಂದು ಕೀಲಿಯೂ ಸವೆದಿಲ್ಲ. ಸುಮ್ನೆ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಅದರ ಒಂದು ಬಗೆಯಾದ ಲಿನಕ್ಸ್ ಮಿಂಟ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಬರೆದೆ. ಪೆನ್‌ಡ್ರೈವ್‌ನಿಂದಲೇ ಶುರುವಾಗಲಿ ಅಂತ ಆನ್ ಮಾಡುವಾಗ ಎಫ್12 ಒತ್ತಿದೆ (ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್). ಹಾರ್ಡ್‌ಡಿಸ್ಕ್ ಮುಟ್ಟದೆಯೇ ಇಡೀ ಸಿಸ್ಟಂ ಎದ್ದು ಕೂತಿತು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಎರಡು ದಿನ ಪೆನ್‌ಡ್ರೈವ್‌ನಲ್ಲೇ ಓಡಿಸಿ. ವೈಫೈ ಸಿಗುತ್ತದಾ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದಾ ನೋಡಿ. ಆಮೇಲೆ ಫೈಲುಗಳ ಬ್ಯಾಕಪ್. ಇನ್‌ಸ್ಟಾಲ್ ಕೊನೆಗೆ.

ಕನ್ನಡ ಹೇಗೋ ಏನೋ ಅನ್ನುವ ಭಯ ನನಗೂ ಇತ್ತು. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ಅನ್ನುವ ಕನ್ನಡ ಕೀಲಿಮಣೆ ವಿನ್ಯಾಸ ಮೊದಲೇ ಇದೆ, ಸೇರಿಸಿಕೊಂಡರೆ ಆಯ್ತು. ಇದೇ ವಿನ್ಯಾಸದ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳು ತಾನಾಗಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿತು. ‘ಕನ್ನಡ’ ಅಂತ ಮೂಡಿತು, ನ ಒತ್ತು ಸರಿಯಾಗಿ ಕೆಳಗೆ ಕೂತಿತ್ತು. ಗುಬ್ಬಿ, ನವಿಲು ಫಾಂಟುಗಳೂ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಕ್ಕವು. ಹತ್ತು ವರ್ಷದ ಯಂತ್ರ ಮತ್ತೆ ನನ್ನದಾಯಿತು.

ವಿರೋಧ: ನಾಳೆ ಬೆಳಗ್ಗೆ ಕೆಲಸ ಕೊಡಬೇಕಾದವರಿಗೆ ಬೇಡ

ನನ್ನದು ಡಿಟಿಪಿ ಅಂಗಡಿ. ಲಿನಕ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೂರು ವಾರ ಬಳಸಿಯೇ ಹೇಳುತ್ತಿದ್ದೇನೆ.

ಹದಿನೈದು ವರ್ಷದ ಲಗ್ನಪತ್ರಿಕೆ, ಕರಪತ್ರ ಎಲ್ಲಾ ನನ್ನಲ್ಲಿ ಹಳೇ ನುಡಿ ಫಾಂಟಿನಲ್ಲಿವೆ, ಎಲ್ಲಾ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲಿ ಅಲ್ಲ. ಲಿನಕ್ಸ್‌ನಲ್ಲಿ ವರ್ಡ್ ಬದಲಿಗಿರುವ ಲಿಬ್ರೆಆಫೀಸ್‌ನಲ್ಲಿ ತೆರೆದರೆ ‘ಕನ್ನಡ’ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ. ಫಾಂಟ್ ತಂದು ಹಾಕಿದರೆ ಓದಬಹುದು. ತಿದ್ದಲು ಹೋದರೆ ಕಗಪ ಯೂನಿಕೋಡ್ ಅಕ್ಷರ ಕೊಡುತ್ತದೆ, ಹಳೇದರ ಜೊತೆ ಅದು ಬೆರೆಯುವುದಿಲ್ಲ. ಮದುವೆ ಮನೆಯವರು ಎದುರಿಗೆ ನಿಂತು ವರನ ಹೆಸರಲ್ಲಿ ಒಂದಕ್ಷರ ತಪ್ಪಿದೆ ಅನ್ನುತ್ತಾರೆ. ಆ ಒಂದಕ್ಷರಕ್ಕೆ ಇಡೀ ಪತ್ರಿಕೆಯನ್ನು ಯೂನಿಕೋಡ್‌ಗೆ ಬದಲಿಸಿ, ಎಲ್ಲೆಲ್ಲೋ ಹೋಗಿ ಕೂತ ಅರ್ಕಾವೊತ್ತು ಸರಿಮಾಡಿ, ಮತ್ತೆ ಪ್ರೂಫ್ ನೋಡಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಪತ್ರಿಕೆ ವಿನ್ಯಾಸ ಮಾಡುವ ಕೋರಲ್‌ಡ್ರಾ ಲಿನಕ್ಸ್‌ಗೆ ಇಲ್ಲ. ಅದರ ಬದಲಿಗಿರುವ ಇಂಕ್‌ಸ್ಕೇಪ್ ಒಳ್ಳೆಯದೇ, ಆದರೆ ಪ್ರೆಸ್‌ನವರು ಕೇಳುವುದು ಕೋರಲ್ ಫೈಲ್. ಲೆಕ್ಕಪತ್ರದ ಟ್ಯಾಲಿ ಕೂಡ ವಿಂಡೋಸ್‌ಗೇ. ಪೆನ್‌ಡ್ರೈವ್‌ನಲ್ಲಿ ಎರಡು ದಿನ ಓಡಿಸಿದರೆ ವೈಫೈ ಗೊತ್ತಾಗುತ್ತದೆ, ಸರಿ. ಮದುವೆ ಸೀಸನ್‌ನಲ್ಲಿ ಏನು ಕೈಕೊಡುತ್ತದೆ ಅನ್ನುವುದು ಗೊತ್ತಾಗುವುದಿಲ್ಲ, ಅಲ್ವಾ?

ವಿಂಡೋಸ್ 10 ವಾಪಸ್ ಹಾಕಿದೆ. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅಷ್ಟರೊಳಗೆ ಅಂತ ರಾತ್ರಿ ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ನಾಲ್ಕೈದು ಹಳೇ ಪತ್ರಿಕೆಗಳನ್ನು ಯೂನಿಕೋಡ್‌ಗೆ ತರುತ್ತಿದ್ದೇನೆ.