ಸುಣ್ಣದ ಬಕೆಟ್ಟೂ ಪ್ರವಾಸಿ ನಕಾಶೆಯೂ

ನಗರದ ನಡುಭಾಗದಲ್ಲಿ ಗೋಡೆಚಿತ್ರಗಳನ್ನು ನೋಡುತ್ತ ನಡೆಯುವುದು ಈಚೆಗೆ ಗೌರವಾನ್ವಿತ ಹವ್ಯಾಸವಾಗಿ ಬೆಳೆದಿದೆ. ಪ್ರವಾಸಿ ಮಾಹಿತಿ ಕಚೇರಿಗೆ ಹೋದರೆ ಮಡಚಿದ ನಕಾಶೆಯೊಂದನ್ನು ಕೈಗಿಡುತ್ತಾರೆ. ಯಾವ ಓಣಿಯ ಯಾವ ಗೋಡೆಯ ಮುಂದೆ ನಿಂತು ಬೆರಗಾಗಬೇಕು ಎಂಬುದನ್ನು ಅದರಲ್ಲಿ ಅಂಕಿ ಹಾಕಿ ಗುರುತಿಸಿರುತ್ತಾರೆ. ಅದೇ ನಗರಸಭೆಯ ಇನ್ನೊಂದು ಕಿಟಕಿಯಲ್ಲಿ ವಿಚಾರಿಸಿದರೆ, ಗೋಡೆಗೆ ಬಣ್ಣ ಬಳಿಯುವವರು ಕಂಡಾಗ ದೂರು ಕೊಡಲು ಬೇಕಾದ ದೂರವಾಣಿ ಸಂಖ್ಯೆಯೂ ಸಿಗುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಕೆಲಸವನ್ನು ಹಿಂದೆ ಒಬ್ಬರೇ ಮಾಡುತ್ತಿದ್ದರು. ಆಧುನಿಕ ಪೌರಾಡಳಿತವು ಚಿವುಟುವುದಕ್ಕೊಂದು, ತೂಗುವುದಕ್ಕೊಂದು ಎಂದು ಎರಡು ಪ್ರತ್ಯೇಕ ಇಲಾಖೆಗಳನ್ನು ತೆರೆದು ಉದ್ಯೋಗಾವಕಾಶ ಹೆಚ್ಚಿಸಿದೆ. ಇಂಥ ನಡಿಗೆಗೆ ಹೊರಟವರು ಚಿತ್ರಗಳನ್ನು ನೋಡಿ ಹಿಂದಿರುಗುತ್ತಾರೆ. ನನ್ನ ಎಣಿಕೆಯಲ್ಲಿ ಅಲ್ಲಿ ನೋಡತಕ್ಕದ್ದು ಆಡಳಿತವನ್ನು. ಗೋಡೆಯ ಮೇಲಿನ ಬಣ್ಣ ಅಪರಾಧವೋ ಪರಂಪರೆಯೋ ಎಂಬುದು ಆ ಬಣ್ಣದಿಂದಾಗಲಿ, ಅದನ್ನು ಬಳಿದ ಕೈಯಿಂದಾಗಲಿ ತೀರ್ಮಾನವಾಗುವುದಿಲ್ಲ. ಅದರ ಬೆಲೆಯ ಸುದ್ದಿ ಕಚೇರಿಗೆ ತಲುಪಿದ್ದು ಬಕೆಟ್ಟು ಹೊರಡುವ ಮೊದಲೋ ಆಮೇಲೋ ಎಂಬುದರ ಮೇಲೆ ತೀರ್ಮಾನವಾಗುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ನಗರ ಈ ವಿಷಯದಲ್ಲಿ ಉಳಿದವರಿಗೆ ಮಾದರಿ. 1989ರಲ್ಲಿ ಅಲ್ಲಿನ ಪೊಲೀಸರು ಗ್ರಾಫಿಟಿ ಬರೆಯುವವರ ಮೇಲೆ ದೊಡ್ಡ ಕಾರ್ಯಾಚರಣೆ ನಡೆಸಿ 70ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಹೀಗೆ ಬಂಧಿತರಾದವರಲ್ಲಿ ಇಂಕಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಕಲಾವಿದರೂ ಒಬ್ಬರು. 2011ರಲ್ಲಿ ಅದೇ ಊರಿನ ನಡುಭಾಗದ ನೆಲ್ಸನ್ ಬೀದಿಯಲ್ಲಿ, ನಗರಾಡಳಿತದ ಬೆಂಬಲದೊಂದಿಗೆ, ಕಟ್ಟಡಗಳ ನೆತ್ತಿಯಿಂದ ಬುಡದವರೆಗೆ ಬಣ್ಣ ಬಳಿಯುವ ದೊಡ್ಡ ಉತ್ಸವ ನಡೆದಾಗ ಅದರ ಹೊಣೆ ಹೊತ್ತವರು ಇದೇ ಇಂಕಿ. ನಡುವಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಸ್ಪ್ರೇ ಡಬ್ಬಿಯ ರಾಸಾಯನಿಕ ಸಂಯೋಜನೆಯಲ್ಲಿ ಅಪರಾಧದ ಅಂಶ ಹೇಗೆ ಕಡಿಮೆಯಾಯಿತು ಎಂಬುದನ್ನು ವಿಜ್ಞಾನಿಗಳು ಪರಿಶೀಲಿಸಬೇಕು. ಅಷ್ಟರಲ್ಲಿ ಇನ್ನೊಂದು ಘಟನೆಯೂ ನಡೆದಿತ್ತು. 2006ರಲ್ಲಿ ಬ್ಯಾಂಕ್ಸಿ ಎಂಬ ಗುಪ್ತನಾಮದ ಕಲಾವಿದ ಅಲ್ಲಿನ ಗೋಡೆಯೊಂದರ ಮೇಲೆ ಕಿಟಕಿಯ ಚಿತ್ರ ಬರೆದ. ಸೂಟು ಧರಿಸಿದ ಗಂಡ ಕಿಟಕಿಯಿಂದ ತಲೆ ಹೊರಹಾಕಿ ದೂರಕ್ಕೆ ಕಣ್ಣು ಹಾಯಿಸುತ್ತಿದ್ದಾನೆ, ಅವನ ಹಿಂದೆ ಹೆಂಡತಿ ನಿಂತಿದ್ದಾಳೆ, ಅದೇ ಕಿಟಕಿಯ ಅಂಚಿಗೆ ಒಂದೇ ಕೈಯಲ್ಲಿ ಜೋತುಬಿದ್ದು ಬೆತ್ತಲೆ ಪುರುಷನೊಬ್ಬ ತನ್ನ ಮಾನವನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಾನೆ. ಗೋಡೆ ಲೈಂಗಿಕ ಆರೋಗ್ಯ ಚಿಕಿತ್ಸಾಲಯದ್ದು. ನಗರಸಭೆ ಚಿತ್ರವನ್ನು ಅಳಿಸಬೇಕೇ ಬೇಡವೇ ಎಂದು ಸಾರ್ವಜನಿಕರನ್ನೇ ಕೇಳಿತು, ಬಹುತೇಕರು ಇರಲಿ ಎಂದರು. ಹೀಗೆ ಅನುಮತಿಯಿಲ್ಲದೆ ಬಂದು ನೇತುಬಿದ್ದವನೊಬ್ಬ ಜನಮತದಿಂದ ಅಲ್ಲೇ ಖಾಯಂ ಆದ. ಮುಂದೆ ಯಾರೋ ಅದೇ ಚಿತ್ರಕ್ಕೆ ನೀಲಿ ಬಣ್ಣ ಎರಚಿದಾಗ ಅದು ಮಾತ್ರ ನಿಸ್ಸಂದೇಹವಾಗಿ ದುಷ್ಕೃತ್ಯ ಎನಿಸಿಕೊಂಡಿತು. ಅನುಮತಿಯಿಲ್ಲದ ಮೊದಲ ಬಣ್ಣ ಆಸ್ತಿ, ಅನುಮತಿಯಿಲ್ಲದ ಎರಡನೆಯ ಬಣ್ಣ ಹಾನಿ.

ಎಲ್ಲ ನಗರಗಳಿಗೂ ಸಲ್ಲುವ ಒಬ್ಬ ಕಲಾವಿದರ ಹೆಸರನ್ನು ಈ ನಕಾಶೆಗಳು ಅನ್ಯಾಯವಾಗಿ ಬಿಟ್ಟುಬಿಟ್ಟಿವೆ. ಗೋಡೆ ಶುಚಿಗೊಳಿಸುವ ವಿಭಾಗಕ್ಕಿಂತ ಹೆಚ್ಚು ಭಿತ್ತಿಚಿತ್ರಗಳನ್ನು ರಚಿಸಿದವರು ಯಾವ ಊರಿನಲ್ಲಿಯೂ ಇಲ್ಲ. ಓಣಿಗೆ ಹೊಕ್ಕು ಹತ್ತಿರದಿಂದ ನೋಡಿ. ಗೋಡೆಯ ಮೂಲ ಬಣ್ಣ ತಿಳಿ ಕಂದು. ಅದರ ಮೇಲೆ ಎದೆಯೆತ್ತರದಲ್ಲಿ ಒಂದು ಬೂದು ಚೌಕ. ಆ ಚೌಕದ ಮೂಲೆಯನ್ನು ತುಸು ಮುಚ್ಚಿ, ಬೇರೆ ತಿಂಗಳಿನ ಬೇರೆ ಡಬ್ಬಿಯಿಂದ ಬಂದ ಇನ್ನೊಂದು ಬೂದು ಚೌಕ. ಎರಡರ ನಡುವೆ ರೋಲರ್ ಒಣಗಿದ ಕಡೆ ಉಳಿದ ಗೀರುಗಳು. ಕೆಳಗಡೆ, ಅವಸರದಲ್ಲಿ ಇಳಿದುಹೋದ ನಾಲ್ಕು ಹನಿಗಳ ಜಾಡು. ಅಳಿಸಲಾದ ಅಕ್ಷರಗಳ ಎತ್ತರ ಅಗಲಗಳನ್ನು ಆ ಚೌಕ ಎಷ್ಟು ನಿಷ್ಠೆಯಿಂದ ಅನುಸರಿಸಿರುತ್ತದೆ ಎಂದರೆ, ಮೊದಲು ಅಲ್ಲೊಂದು ಬರಹವಿತ್ತು ಎಂಬುದನ್ನು ಬರಹಕ್ಕಿಂತ ಸ್ಪಷ್ಟವಾಗಿ ಅದೇ ಸಾರುತ್ತದೆ. ಯಾವ ಎರಡು ಬೂದುಗಳೂ ಒಂದಕ್ಕೊಂದು ಹೊಂದುವುದಿಲ್ಲ, ಯಾವುದೂ ಗೋಡೆಯ ಬಣ್ಣಕ್ಕಂತೂ ಹೊಂದುವುದಿಲ್ಲ. ಇಂಥ ಅಮೂರ್ತ ಕೃತಿಗಳನ್ನು ಕ್ಯಾನ್ವಾಸಿನ ಮೇಲೆ ಬರೆದು ಗ್ಯಾಲರಿಯಲ್ಲಿ ತೂಗುಹಾಕಿದ್ದರೆ ವಿಮರ್ಶಕರು ಮೌನದ ವ್ಯಾಕರಣ ಎಂದೇನಾದರೂ ಬರೆಯುತ್ತಿದ್ದರು. ಸರಕಾರಿ ಸಂಬಳದಲ್ಲಿ ಬರೆದದ್ದರಿಂದ ಅದು ಕೇವಲ ನಿರ್ವಹಣೆಯಾಗಿ ಹೋಯಿತು.

ಈ ಬೂದು ಪರಂಪರೆಯ ಮೇರುಕೃತಿ ಬ್ರೆಜಿಲ್‌ನ ಸಾವೊ ಪಾವ್ಲೊ ನಗರದಲ್ಲಿ 2017ರಲ್ಲಿ ಮೂಡಿತು. ಹಿಂದಿನ ಆಡಳಿತವೇ ಅನುಮತಿ ಕೊಟ್ಟು ನೂರಾರು ಕಲಾವಿದರಿಂದ ಹೆದ್ದಾರಿಯ ಇಕ್ಕೆಲದ ಗೋಡೆಗಳಿಗೆ ಚಿತ್ರ ಬರೆಸಿತ್ತು. ಹೊಸದಾಗಿ ಬಂದ ಮೇಯರ್ ಡೋರಿಯಾ ನಗರವನ್ನು ಸುಂದರಗೊಳಿಸುವ ಕಾರ್ಯಕ್ರಮದ ಹೆಸರಿನಲ್ಲಿ ಅವುಗಳಲ್ಲಿ ಹೆಚ್ಚಿನವಕ್ಕೆ ಬೂದು ಬಳಿಸಿದರು. ಕೆಲಸಗಾರರ ಸಮವಸ್ತ್ರ ಧರಿಸಿ, ಸ್ಪ್ರೇ ಯಂತ್ರ ಹಿಡಿದು, ಕ್ಯಾಮೆರಾಗಳ ಎದುರಿಗೆ ತಾವೇ ಗೋಡೆಗೆ ಬಣ್ಣ ಹಾಯಿಸಿದರು ಕೂಡ. ಟೀಕೆ ಜೋರಾದಾಗ ಅದೇ ಆಡಳಿತವು ಬೀದಿ ಕಲೆಗೆ ಪ್ರೋತ್ಸಾಹ ನೀಡುವ ಹೊಸ ಯೋಜನೆಯನ್ನು ಪ್ರಕಟಿಸಿತು. ಯೋಜನೆಗೆ ಗೋಡೆಗಳ ಕೊರತೆಯೇನೂ ಇರಲಿಲ್ಲ, ಆಗಷ್ಟೇ ಖಾಲಿಯಾಗಿದ್ದವು.

ವ್ಯಂಗ್ಯ ಅರ್ಥವಾಗದ ಕಚೇರಿಗಳಿಗೂ ನಕಾಶೆಯಲ್ಲಿ ಒಂದು ನಿಲುಗಡೆ ಇರಬೇಕಾಗಿತ್ತು. ಇಂಗ್ಲೆಂಡಿನ ಕ್ಲ್ಯಾಕ್ಟನ್ ಎಂಬ ಕಡಲತೀರದ ಊರಿನಲ್ಲಿ 2014ರ ಉಪಚುನಾವಣೆಗೆ ದಿನಗಳು ಉಳಿದಿದ್ದಾಗ, ವಲಸೆಯೇ ದೊಡ್ಡ ಚರ್ಚೆಯಾಗಿದ್ದ ಹೊತ್ತಿನಲ್ಲಿ, ಒಂದು ಗೋಡೆಯ ಮೇಲೆ ಬೂದು ಪಾರಿವಾಳಗಳ ಗುಂಪೊಂದು ಕಾಣಿಸಿಕೊಂಡಿತು. ತಂತಿಯ ಮೇಲೆ ತನ್ನ ಪಾಡಿಗೆ ಕುಳಿತ ಪುಟ್ಟ ಹಸಿರು ಹಕ್ಕಿಯೊಂದಕ್ಕೆ ಆ ಪಾರಿವಾಳಗಳು ಫಲಕ ತೋರಿಸುತ್ತಿದ್ದವು: ವಲಸಿಗರಿಗೆ ಸ್ವಾಗತವಿಲ್ಲ, ಆಫ್ರಿಕಾಕ್ಕೆ ಹಿಂದಿರುಗು, ನಮ್ಮ ಹುಳುಗಳ ತಂಟೆಗೆ ಬರಬೇಡ. ಚಿತ್ರ ಜನಾಂಗ ನಿಂದನೆಯಾಗಿದೆಯೆಂದು ಯಾರೋ ದೂರಿತ್ತರು. ಕೌನ್ಸಿಲ್ ಅದನ್ನು ತತ್ಪರತೆಯಿಂದ ಅಳಿಸಿಹಾಕಿತು. ಅಳಿಸಿಯಾದ ಮೇಲೆ ಅದು ಬ್ಯಾಂಕ್ಸಿಯ ಕೈಚಳಕವೆಂದು ಗೊತ್ತಾಯಿತು. ಕೂಡಲೇ ಕೌನ್ಸಿಲ್, ತಮ್ಮ ಕಡಲತೀರಕ್ಕೆ ತಕ್ಕುದಾದ ಕೃತಿಯೊಂದನ್ನು ರಚಿಸಲು ಆ ಕಲಾವಿದ ಮತ್ತೆ ಬಂದರೆ ಸಂತೋಷವೆಂಬ ಅರ್ಥದ ಹೇಳಿಕೆ ಕೊಟ್ಟಿತು. ಬೀದಿ ನಾಯಿಯನ್ನು ಓಡಿಸಿದ ಮೇಲೆ ಅದರ ತಳಿಯ ಬೆಲೆ ಕೇಳಿ ಬಿಸ್ಕತ್ತು ಹಿಡಿದು ಬಾಗಿಲಲ್ಲಿ ನಿಂತವರ ಹಾಗಾಯಿತು ಇದು. ಅಳಿಸುವಾಗ ಚಿತ್ರದ ಮೇಲಿದ್ದ ಆಕ್ಷೇಪ ಅದರ ಅರ್ಥದ ಬಗ್ಗೆ ಎಂದು ಹೇಳಲಾಗಿತ್ತು. ಮರಳಿ ಕರೆಯುವಾಗ ಅರ್ಥದ ಪ್ರಸ್ತಾಪ ಬರಲಿಲ್ಲ, ಸಹಿಯ ಪ್ರಸ್ತಾಪವಷ್ಟೇ ಬಂತು.

ಪಾರಂಪರಿಕ ಕಟ್ಟಡಗಳ ಮೇಲೆ ಚಿತ್ರ ಬರೆದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ದೇಶದ ಒಂದೇ ಬಗೆಯ ಕಾನೂನಿನಡಿ ಎರಡು ಉತ್ತರಗಳಿವೆ, ಎರಡೂ ಸರಿ. 2014ರಲ್ಲಿ ಚೆಲ್ಟನ್‌ಹ್ಯಾಮ್ ಪಟ್ಟಣದ ಸಂರಕ್ಷಿತ ಮನೆಯೊಂದರ ಗೋಡೆಯ ಮೇಲೆ, ದೂರವಾಣಿ ಗೂಡಿನ ಸುತ್ತ ಕೋಟು ತೊಟ್ಟು ಕದ್ದಾಲಿಸುತ್ತಿರುವ ಮೂವರು ಗೂಢಚಾರರ ಚಿತ್ರ ಬಂತು. ಬ್ರಿಟನ್ನಿನ ಸಂವಹನ ಗೂಢಚರ್ಯೆಯ ಕೇಂದ್ರ ಕಚೇರಿ ಇರುವುದು ಅದೇ ಊರಿನಲ್ಲಿ, ಹೀಗಾಗಿ ಗೋಡೆಗೂ ಕಿವಿಯಿರುತ್ತದೆ ಎಂಬ ಮಾತಿಗೆ ಅಲ್ಲಿ ಸ್ಥಳೀಯ ಆಧಾರವಿತ್ತು. ಸಂರಕ್ಷಿತ ಕಟ್ಟಡಕ್ಕೆ ಅನುಮತಿಯಿಲ್ಲದೆ ಮೊಳೆ ಹೊಡೆಯಲೂ ಹಿಂಜರಿಯಬೇಕಾದ ಆ ದೇಶದಲ್ಲಿ, 2015ರಲ್ಲಿ ಸ್ಥಳೀಯ ಆಡಳಿತವು ಆಗಿಹೋದ ಚಿತ್ರಕ್ಕೆ ಪೂರ್ವಾನ್ವಯವಾಗಿ ಅನುಮತಿ ಕೊಟ್ಟು ಅದನ್ನೂ ಪರಂಪರೆಯ ಭಾಗವಾಗಿಸಿತು. ಹೀಗೆ ಕಾಗದದ ಮೇಲೆ ಪೂರ್ತಿ ರಕ್ಷಣೆ ಪಡೆದ ಚಿತ್ರ 2016ರಲ್ಲಿ ಗೋಡೆಯ ದುರಸ್ತಿ ಕೆಲಸದ ವೇಳೆ ಪುಡಿಯಾಯಿತು. ಕಾಗದ ಈಗಲೂ ಭದ್ರವಾಗಿರಬಹುದು.

ಎರಡನೆಯದು 2025ರ ಸೆಪ್ಟೆಂಬರಿನದು. ಲಂಡನ್ನಿನ ಉಚ್ಚ ನ್ಯಾಯಾಲಯ ಸಂಕೀರ್ಣದ ಹೊರಗೋಡೆಯ ಮೇಲೆ, ನೆಲಕ್ಕೆ ಬಿದ್ದ ಪ್ರತಿಭಟನಕಾರನೊಬ್ಬನನ್ನು ನ್ಯಾಯಾಧೀಶರು ತಮ್ಮ ಪುಟ್ಟ ಸುತ್ತಿಗೆಯಿಂದ ಬಡಿಯುತ್ತಿರುವ, ಬ್ಯಾಂಕ್ಸಿ ಬರೆದ ಚಿತ್ರ ಕಾಣಿಸಿತು. (ಇಂಗ್ಲೆಂಡಿನ ನ್ಯಾಯಾಧೀಶರು ಸುತ್ತಿಗೆ ಬಳಸುವ ಪದ್ಧತಿಯೇ ಇಲ್ಲ, ಆಕ್ಷೇಪ ಎತ್ತುವುದಾದರೆ ಇದೊಂದು ನ್ಯಾಯವಾದ ಕಾರಣವಾಗುತ್ತಿತ್ತು.) ತಕ್ಷಣ ಹೊದಿಕೆ ಹಾಕಿ, ಕಾವಲು ನಿಲ್ಲಿಸಿ, ಕಟ್ಟಡ ಪಾರಂಪರಿಕವಾದ್ದರಿಂದ ಅದರ ಮೂಲ ಸ್ವರೂಪ ಉಳಿಸಬೇಕಾಗಿದೆಯೆಂದು ಹೇಳಿ ಉಜ್ಜಿ ತೆಗೆಯಲಾಯಿತು. ಉಜ್ಜಿದ ಮೇಲೆ ಬಡಿಯುವವರ ಮತ್ತು ಬಡಿಸಿಕೊಳ್ಳುವವನ ಮಸುಕು ಆಕಾರ ಕಲ್ಲಿನಲ್ಲಿ ಉಳಿದೇ ಬಿಟ್ಟಿತು, ಮೊದಲಿಗಿಂತ ಹೆಚ್ಚು ಪತ್ರಿಕೆಗಳಲ್ಲಿ ಅಚ್ಚಾಯಿತು. ಆಸ್ತಿಗೆ ಹಾನಿಯೆಂಬ ದೂರು ಪೊಲೀಸರಿಗೆ ಹೋಯಿತು. ಹಾನಿ ಎಂಬುದರ ಲೆಕ್ಕಾಚಾರವೂ ಈ ಕಲಾವಿದನ ಬಳಿ ಬಂದಾಗ ತಲೆಕೆಳಗಾಗುತ್ತದೆ: 2018ರಲ್ಲಿ ಅವನ ಕೃತಿಯೊಂದು ಲಂಡನ್ನಿನ ಹರಾಜಿನಲ್ಲಿ 10 ಲಕ್ಷ ಪೌಂಡ್‌ಗೂ ಮಿಕ್ಕಿ ಮಾರಾಟವಾದ ಕ್ಷಣದಲ್ಲೇ ಚೌಕಟ್ಟಿನೊಳಗೆ ಅಡಗಿಸಿಟ್ಟ ಯಂತ್ರದಿಂದ ಅರ್ಧದಷ್ಟು ಚೂರಾಯಿತು, 2021ರಲ್ಲಿ ಆ ಚೂರುಗಳೊಂದಿಗೇ 1.8 ಕೋಟಿ ಪೌಂಡ್‌ಗೂ ಹೆಚ್ಚಿಗೆ ಹೋಯಿತು. ಈ ದರದಲ್ಲಿ ನ್ಯಾಯಾಲಯದ ಗೋಡೆಗೆ ಆದದ್ದು ಹಾನಿಯೋ, ಉಜ್ಜಿದ್ದರಿಂದ ಸರಕಾರದ ಬೊಕ್ಕಸಕ್ಕೆ ಆದದ್ದು ಹಾನಿಯೋ ಎಂಬುದನ್ನು ಲೆಕ್ಕಪರಿಶೋಧಕರು ಹೇಳಬೇಕು.

ಇನ್ನು ರಕ್ಷಣೆ. ಬೆಲೆ ಗೊತ್ತಾದ ಚಿತ್ರಕ್ಕೆ ಮೊದಲು ಒದಗುವ ಗೌರವವೆಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ನಾಲ್ಕು ಮೂಲೆಗೂ ಸ್ಕ್ರೂ ಬಿಗಿದು, ಮಳೆಗಾಲ ಕಳೆಯುವಷ್ಟರಲ್ಲಿ ಒಳಗಡೆ ಬೆವರಿ, ಹೊರಗಡೆ ಗೀರು ಬಿದ್ದು, ಚಿತ್ರ ಮಬ್ಬಾಗುತ್ತದೆ. ನಡಿಗೆಗೆ ಬಂದವರು ಅದರ ಫೋಟೊ ತೆಗೆದರೆ ಹಾಳೆಯಲ್ಲಿ ಎದುರುಬದಿಯ ಆಕಾಶವೂ, ಮಾರ್ಗದರ್ಶಿ ಎತ್ತಿ ಹಿಡಿದ ಕೊಡೆಯೂ, ಫೋಟೊ ತೆಗೆಯುತ್ತಿರುವವರ ಮುಖವೂ ಮೂಡುತ್ತವೆ. ಬಹುತೇಕರಿಗೆ ಇದರಿಂದ ತೊಂದರೆಯಿಲ್ಲ, ಮುಖ ಹೇಗೂ ಬರಬೇಕಾಗಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬ್ಯಾಂಕ್ಸಿ ಬರೆದ ಮುಳುಗುಗಾರನ ಚಿತ್ರಕ್ಕೆ ಹೀಗೊಂದು ಹಾಳೆ ಹೊದಿಸಲಾಗಿತ್ತು. 2008ರಲ್ಲಿ ಯಾರೋ ಹಾಳೆಯ ಹಿಂದಿನ ಸಂದಿನಲ್ಲಿ ಬೆಳ್ಳಿ ಬಣ್ಣ ಸುರಿದರು. ಬಯಲಾಗಿದ್ದರೆ ಚೂರುಪಾರು ಚೆಲ್ಲಿ ಹೋಗಬಹುದಾಗಿದ್ದ ಬಣ್ಣವನ್ನು ಹಾಳೆ ಜೋಪಾನವಾಗಿ ಚಿತ್ರಕ್ಕೇ ಒತ್ತಿ ಹಿಡಿಯಿತು. ಅದೇ ನಗರದಲ್ಲಿ, ಬೀದಿ ಕಲೆಗೆಂದೇ ಜಗತ್ತಿನ ಪ್ರವಾಸಿಗರು ಹುಡುಕಿಕೊಂಡು ಬರುವ ಹೋಸಿಯರ್ ಓಣಿಯಲ್ಲಿ, ಪ್ಯಾರಾಶೂಟಿನಿಂದ ಇಳಿಯುತ್ತಿದ್ದ ಬ್ಯಾಂಕ್ಸಿಯ ಇಲಿಯೊಂದರ ಮೇಲೆ 2010ರಲ್ಲಿ ಸ್ವಚ್ಛತಾ ಸಿಬ್ಬಂದಿ ಬಣ್ಣ ಬಳಿದು ಮುಗಿಸಿದರು. ಸಿಬ್ಬಂದಿಯನ್ನು ದೂರುವಂತಿಲ್ಲ, ಓಣಿಯ ತುಂಬ ಬಣ್ಣವಿರುವಾಗ ಯಾವ ಇಲಿ ಲಕ್ಷದ್ದು, ಯಾವುದು ಬರಿಯ ಇಲಿ ಎಂದು ಅವರಿಗೆ ಪಟ್ಟಿ ಕೊಟ್ಟವರು ಯಾರು? ಕೆಟ್ಟ ಮೇಲೆ ಬುದ್ಧಿ ಬಂದಂತೆ, ಉಳಿದ ಮುಖ್ಯ ಚಿತ್ರಗಳ ರಕ್ಷಣೆಯ ಮಾತು ಆಮೇಲೆ ಕೇಳಿಬಂತು.

ಕಲಾವಿದರಿಗೂ ಈ ಆಟ ಗೊತ್ತಿಲ್ಲದೆ ಇಲ್ಲ. ಇಟಲಿಯ ಬೊಲೋನ್ಯದಲ್ಲಿ 2016ರಲ್ಲಿ ಬೀದಿ ಕಲೆಯ ಪ್ರದರ್ಶನ ಏರ್ಪಡಿಸಿದವರು ಗೋಡೆಗಳಿಂದ ಚಿತ್ರಗಳನ್ನೇ ಕಿತ್ತು ತಂದು ಅರಮನೆಯೊಳಗೆ ತೂಗುಹಾಕಲು ಹೊರಟರು. ಉಳಿಸುವುದೇ ಉದ್ದೇಶವೆಂದರು, ಪ್ರವೇಶಕ್ಕೆ ಟಿಕೆಟ್ಟನ್ನೂ ಇಟ್ಟರು. ಬ್ಲೂ ಎಂಬ ಕಲಾವಿದರ ಒಪ್ಪಿಗೆಯನ್ನು ಮಾತ್ರ ಕೇಳಿರಲಿಲ್ಲ. ಅವರು ಆ ಊರಿನಲ್ಲಿ ಎರಡು ದಶಕಗಳ ಕಾಲ ತಾವು ಬರೆದಿದ್ದ ಚಿತ್ರಗಳಿಗೆಲ್ಲ ಗೆಳೆಯರೊಡನೆ ಹೋಗಿ ಬೂದು ಬಳಿದುಬಿಟ್ಟರು. ಶುಚಿತ್ವ ವಿಭಾಗ ಇಪ್ಪತ್ತು ವರ್ಷಗಳಲ್ಲಿ ಮಾಡಲಾಗದ್ದು ಹೀಗೆ ಪುಕ್ಕಟೆಯಾಗಿ, ಅಚ್ಚುಕಟ್ಟಾಗಿ ನೆರವೇರಿದಾಗ ಊರಿನ ಗಣ್ಯರು ಅಭಿನಂದಿಸುವ ಬದಲು ಕಳವಳಪಟ್ಟರು.

ನಡಿಗೆಯಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಇಷ್ಟರಿಂದ ತೀರ್ಮಾನಿಸಬಾರದು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಫೈವ್ ಪಾಯಿಂಟ್ಜ್ ಎಂಬ ಹಳೆಯ ಕಾರ್ಖಾನೆ ಸಮುಚ್ಚಯವಿತ್ತು. ಮಾಲೀಕರ ಒಪ್ಪಿಗೆಯಿಂದಲೇ ವರ್ಷಾನುಗಟ್ಟಲೆ ಅದರ ಗೋಡೆಗಳ ಮೇಲೆ ಕಲಾವಿದರು ಬರೆಯುತ್ತಿದ್ದರು, ಮೇಲುಸೇತುವೆಯ ರೈಲಿನಲ್ಲಿ ಹೋಗುವವರು ಕುಳಿತಲ್ಲಿಂದಲೇ ನೋಡುತ್ತಿದ್ದರು, ಪ್ರವಾಸಿಗರು ಗುಂಪುಗುಂಪಾಗಿ ಬರುತ್ತಿದ್ದರು. ಜಾಗದಲ್ಲಿ ಬಹುಮಹಡಿ ವಸತಿ ಕಟ್ಟಡಗಳನ್ನು ಎಬ್ಬಿಸುವ ನಿರ್ಧಾರವಾದಾಗ, 2013ರ ನವೆಂಬರಿನ ಒಂದು ರಾತ್ರಿ, ಕೆಡವುವ ಹೊತ್ತು ಬರುವ ಎಷ್ಟೋ ಮೊದಲೇ, ಮಾಲೀಕರು ಚಿತ್ರಗಳಿಗೆಲ್ಲ ಬಿಳಿ ಬಳಿಸಿದರು. ಕಲಾವಿದರು 1990ರ ಕಾನೂನೊಂದನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. ಆ ಕಾನೂನಿನ ಪ್ರಕಾರ, ನಾಶದಿಂದ ರಕ್ಷಣೆ ಬೇಕೆಂದರೆ ಕೃತಿಗೆ ಮನ್ನಣೆಯಿತ್ತೆಂದು ರುಜುವಾತು ಮಾಡಬೇಕು. ಬೇರೆ ಕಡೆ ಕತ್ತು ನೋಯಿಸಿಕೊಂಡು ಗೋಡೆ ನೋಡುವ ಜನ ನಗೆಪಾಟಲಾಗುತ್ತಾರೆ. ಇಲ್ಲಿ ಅಂಥವರ ದಂಡೇ ಆ ಮನ್ನಣೆಯ ಗುರುತಾಯಿತು. 2018ರಲ್ಲಿ ನ್ಯಾಯಾಧೀಶರು 45 ಕೃತಿಗಳಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ವಿಧಿಸಿದರು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಅಷ್ಟರಲ್ಲಿ ಕಾರ್ಖಾನೆ ನೆಲಸಮವಾಗಿತ್ತು. ಅಲ್ಲಿ ಎದ್ದ ವಸತಿ ಗೋಪುರಗಳಿಗೆ ಬಾಡಿಗೆದಾರರನ್ನು ಸೆಳೆಯಲು ಬೇರೊಂದು ಹೆಸರು ಹುಡುಕುವ ಶ್ರಮವನ್ನು ಮಾಲೀಕರು ವಹಿಸಲಿಲ್ಲ; ಹಳೆಯ ಸಮುಚ್ಚಯದಲ್ಲಿ ಬಿಳಿ ಬಣ್ಣ ತಾಗದೆ ಉಳಿದಿದ್ದ ಏಕೈಕ ವಸ್ತುವಾದ ಫೈವ್ ಪಾಯಿಂಟ್ಜ್ ಎಂಬ ಹೆಸರನ್ನೇ ಅವಕ್ಕೂ ಇಟ್ಟರು.