ಜಾಗ ಸಾಲದೆಂದು ಹಳೆಯ ಬ್ಯಾಕಪ್ ಅಳಿಸುವ ಮುನ್ನ

ಕಲಬುರಗಿಯಲ್ಲಿ ಇಂದು ಕಾಲೇಜು, ಆಸ್ಪತ್ರೆಗಳಷ್ಟೇ ಅಲ್ಲ, ನೆಹರು ಗಂಜಿನ ಅಡತಿ ಅಂಗಡಿಗಳೂ ತಮ್ಮದೇ ಸರ್ವರ್ ಇಟ್ಟುಕೊಂಡಿವೆ. ಅವನ್ನು ನೋಡಿಕೊಳ್ಳುವ ನಮ್ಮಂಥವರಿಗೆ ಮೇಲಿಂದ ಮೇಲೆ ಬರುವ ದೂರು ಒಂದೇ: ರಾತ್ರಿ ಬ್ಯಾಕಪ್ ನಡೆಯುತ್ತಿದ್ದಾಗ ಡಿಸ್ಕ್ ತುಂಬಿತು, ಬೆಳಿಗ್ಗೆ ಡೇಟಾಬೇಸ್ ಮಾತಾಡುತ್ತಿಲ್ಲ. ಇದಕ್ಕೆ ಬಹಳ ಮಂದಿ ಕಂಡುಕೊಂಡಿರುವ ಉಪಾಯವೆಂದರೆ ಬ್ಯಾಕಪ್ ತಾನಾಗಿ ನಡೆಯಲು ಬರೆದಿಟ್ಟ ಆಜ್ಞೆಗಳ ಪಟ್ಟಿಯ, ಅಂದರೆ ಸ್ಕ್ರಿಪ್ಟಿನ, ಮೊದಲ ಸಾಲಿನಲ್ಲಿಯೇ ಹಳೆಯ ಬ್ಯಾಕಪ್ ಅಳಿಸಿ, ಸಿಕ್ಕ ಜಾಗದಲ್ಲಿ ಹೊಸದನ್ನು ಬರೆಯುವುದು. ಹೊಸ ರಾಶಿ ಕಣದಲ್ಲಿರುವಾಗಲೇ ಹಗೇವಿನ ಜೋಳವನ್ನೆಲ್ಲ ಹೊರಗೆ ಚೆಲ್ಲುವ ಒಕ್ಕಲಿಗನನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ, ಆದರೆ ಸರ್ವರ್ ಕೋಣೆಗಳಲ್ಲಿ ಆ ಕೆಲಸ ದಿನವೂ ನಡೆಯುತ್ತಿದೆ. ಹೊಸ ಪ್ರತಿ ಪೂರ್ಣಗೊಂಡು, ಅದು ಸರಿಯಾಗಿದೆಯೆಂದು ಪರೀಕ್ಷಿಸುವವರೆಗೆ ಹಳೆಯದನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ನಿಲುವು. ಹಾಗಾದರೆ ಏಳು ಪ್ರತಿಗಳನ್ನು ಇಡುವೆನೆನ್ನುವವನು ಎಂಟಕ್ಕೆ ಜಾಗ ಇಟ್ಟುಕೊಳ್ಳಲೇಬೇಕು. ಈ ಎಂಟನೆಯದರ ಲೆಕ್ಕ ಯಾರ ಕೊಟೇಶನ್ನಿನಲ್ಲಿಯೂ ಕಾಣುವುದಿಲ್ಲ.

ಜಾಗ ನಿಜವಾಗಿ ಎಲ್ಲಿ ಹೋಗುತ್ತಿದೆ ಎಂಬುದನ್ನು ನೋಡದೆ ದೊಡ್ಡ ಡಿಸ್ಕ್ ತರಿಸುವುದೂ ಅಷ್ಟೇ ಅವಸರದ ಕೆಲಸ. ಲಿನಕ್ಸ್ ಸರ್ವರಿನಲ್ಲಿ ಉಳಿದ ಜಾಗ ಹೇಳುವ ಡಿಎಫ್ ಆಜ್ಞೆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಪೂರ್ತಿ ತುಂಬಿದೆ ಎನ್ನುತ್ತದೆ, ಡಿಯು ಆಜ್ಞೆಯಿಂದ ಕಡತಗಳನ್ನು ಕೂಡಿಸಿದರೆ ಅರ್ಧವೂ ಸಿಗುವುದಿಲ್ಲ. ಇಂಥ ವ್ಯತ್ಯಾಸಕ್ಕೆ ನಮ್ಮ ಕಡೆ ಎರಡು ಕಾರಣಗಳನ್ನು ಮೊದಲು ಹುಡುಕಬೇಕು. ಒಂದು, ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿದ್ದಾರೆ, ಆದರೆ ಅದನ್ನು ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ತೆರೆದೇ ಹಿಡಿದುಕೊಂಡಿದೆ. ಅದು ಬಿಡುವವರೆಗೆ ಲಿನಕ್ಸ್ ಆ ಜಾಗವನ್ನು ಹಿಂತಿರುಗಿಸುವುದಿಲ್ಲ. ಎಲ್‌ಎಸ್‌ಒಎಫ್ ಆಜ್ಞೆಯಿಂದ ಅಂಥ ಕಡತಗಳನ್ನು ಪತ್ತೆ ಹಚ್ಚಿ, ಸಂಬಂಧಪಟ್ಟ ಸರ್ವಿಸನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಮರಳುತ್ತದೆ.

ಎರಡನೆಯದು ನಮ್ಮ ಬೇಸಿಗೆಗೆ ನೇರವಾಗಿ ಸಂಬಂಧಿಸಿದ್ದು. ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಎದ್ದು ನಿಲ್ಲುತ್ತದೆ, ಆದರೆ ಬ್ಯಾಕಪ್‌ಗೆಂದು ಜೋಡಿಸಿದ್ದ ಹೊರಗಿನ ಡಿಸ್ಕ್ ಅಥವಾ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್) ಸಮಯಕ್ಕೆ ಸರಿಯಾಗಿ ಏಳದೆ ಮೌಂಟ್ ಆಗದೇ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗದೇ, ಉಳಿಯುತ್ತದೆ. ಸ್ಕ್ರಿಪ್ಟಿಗೆ ಅದು ತಿಳಿಯದು. ಬ್ಯಾಕಪ್ ಎಂಬ ಹೆಸರಿನ ಫೋಲ್ಡರ್ ಇದ್ದೇ ಇರುವುದರಿಂದ ಅದು ನಿಶ್ಚಿಂತೆಯಿಂದ ರೂಟ್ ಪಾರ್ಟಿಷನ್ನಿನ ಮೇಲೆಯೇ ಬರೆಯುತ್ತ ಹೋಗಿ, ಕಾರ್ಯಾಚರಣ ವ್ಯವಸ್ಥೆಗೇ ಉಸಿರಾಡಲು ಜಾಗವಿಲ್ಲದಂತೆ ಮಾಡುತ್ತದೆ. ಮರುದಿನ ಯಾರಾದರೂ ಡಿಸ್ಕನ್ನು ಕೈಯಿಂದ ಮೌಂಟ್ ಮಾಡಿದರಂತೂ ಆ ಕಡತಗಳು ಅದರ ಅಡಿಯಲ್ಲಿ ಮರೆಯಾಗಿಬಿಡುತ್ತವೆ, ಮತ್ತು ಅನ್‌ಮೌಂಟ್ ಮಾಡಿಯೋ, ರೂಟ್ ಪಾರ್ಟಿಷನ್ನನ್ನು ಬೇರೊಂದು ಫೋಲ್ಡರಿನಲ್ಲಿ ತೋರಿಸುವ ಬೈಂಡ್ ಮೌಂಟ್ ಮೂಲಕವೋ ಕೆಳಗಿಣುಕಿ ನೋಡುವವರೆಗೆ ಡಿಯು ಅವನ್ನು ತೋರಿಸುವುದಿಲ್ಲ. ಬರೆಯುವ ಮುನ್ನ ಆ ಜಾಗ ನಿಜಕ್ಕೂ ಮೌಂಟ್ ಆಗಿದೆಯೇ ಎಂದು ಮೌಂಟ್‌ಪಾಯಿಂಟ್ ಆಜ್ಞೆಯಿಂದ ಕೇಳಿ, ಇಲ್ಲವೆಂದರೆ ಅಲ್ಲಿಯೇ ನಿಲ್ಲುವ ಒಂದು ಸಾಲು ಪ್ರತಿ ಬ್ಯಾಕಪ್ ಸ್ಕ್ರಿಪ್ಟಿನಲ್ಲಿಯೂ ಇರಬೇಕು. ಅದು ಇಲ್ಲದ ಸ್ಕ್ರಿಪ್ಟನ್ನು ನಾನು ಪೂರ್ಣವೆಂದು ಒಪ್ಪುವುದಿಲ್ಲ.

ಜಾಗ ಇದ್ದೂ ಇಲ್ಲದಂತಾಗುವ ಬೇರೆ ಸಂದರ್ಭಗಳೂ ಇವೆ. ಕೋಟ್ಯಂತರ ಸಣ್ಣ ಕಡತಗಳಿದ್ದರೆ, ಪ್ರತಿ ಕಡತಕ್ಕೊಂದರಂತೆ ಬೇಕಾಗುವ ದಾಖಲೆಗಳಾದ ಐನೋಡ್‌ಗಳೇ ಮುಗಿದುಹೋಗಬಹುದು. ಇಎಕ್ಸ್‌ಟಿ4 ಕಡತ ವ್ಯವಸ್ಥೆ ರೂಟ್ ಬಳಕೆದಾರನಿಗೆ, ಅಂದರೆ ಸಿಸ್ಟಂ ನಿರ್ವಾಹಕನಿಗೆಂದು, ಶೇಕಡ 5ರಷ್ಟನ್ನು ತಾನಾಗಿಯೇ ಕಾಯ್ದಿರಿಸುತ್ತದೆ, ಅಂದರೆ 500 ಜಿಬಿಯಲ್ಲಿ 25 ಜಿಬಿ. ಬರೀ ಬ್ಯಾಕಪ್ ಇಡುವ ಪಾರ್ಟಿಷನ್ನಿನಲ್ಲಿ ಇದನ್ನು ಶೇಕಡ 1ಕ್ಕೆ ಇಳಿಸಬಹುದು, ರೂಟ್ ಪಾರ್ಟಿಷನ್ನಿನಲ್ಲಿ ಮಾತ್ರ ಹಾಗೆಯೇ ಬಿಡುವುದು ಲೇಸು.

ಬ್ಯಾಕಪ್ ಮಾಡುವ ರೀತಿಯೂ ಜಾಗವನ್ನು ತಿನ್ನುತ್ತದೆ. ಮೊದಲು ಡೇಟಾಬೇಸಿನ ಪೂರ್ತಿ ಡಂಪ್ (ಎಲ್ಲ ದತ್ತಾಂಶವನ್ನೂ ಬರೆದಿಟ್ಟ ಕಡತ) ತೆಗೆದು, ಆಮೇಲೆ ಅದನ್ನು ಜಿಜಿಪ್‌ನಿಂದ ಕುಗ್ಗಿಸುವವರು ಎರಡೂ ಕಡತಗಳು ಏಕಕಾಲಕ್ಕೆ ಡಿಸ್ಕಿನ ಮೇಲಿರುವ ಗಳಿಗೆಯೊಂದು ಬರುತ್ತದೆಂಬುದನ್ನು ಮರೆಯುತ್ತಾರೆ. 60 ಜಿಬಿಯ ಡಂಪ್ 12 ಜಿಬಿಗೆ ಕುಗ್ಗುವುದಾದರೂ ಆ ಗಳಿಗೆಗೆ 72 ಜಿಬಿ ಬೇಕು. ಡಂಪನ್ನು ಡಿಸ್ಕಿಗೆ ಬರೆಯದೆ ನೇರವಾಗಿ ಜಿಜಿಪ್‌ಗೆ ಪೈಪ್ ಮಾಡಿದರೆ 12 ಜಿಬಿಯಲ್ಲಿಯೇ ಕೆಲಸ ಮುಗಿಯುತ್ತದೆ. ಆದರೆ ಇಲ್ಲಿ ಪೈಪ್‌ಫೇಲ್ ಆಯ್ಕೆಯನ್ನು ಹಾಕಲೇಬೇಕು, ಏಕೆಂದರೆ ಅದಿಲ್ಲದಿದ್ದರೆ ಡಂಪ್ ಅರ್ಧಕ್ಕೆ ನಿಂತರೂ ಆಜ್ಞೆಗಳನ್ನು ನಡೆಸುವ ಶೆಲ್ ಕೊನೆಯ ಆಜ್ಞೆಯಾದ ಜಿಜಿಪ್‌ನ ಯಶಸ್ಸನ್ನೇ ನಮಗೆ ವರದಿ ಮಾಡುತ್ತದೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನ ಡಂಪ್ ಪೂರ್ಣಗೊಂಡಾಗ ಕಡತದ ಕೊನೆಗೆ ಹಾಗೆಂದು ಒಂದು ಸಾಲು ಬರೆಯುತ್ತದೆ. ಆ ಸಾಲನ್ನು ನೋಡಿದ ಮೇಲೆಯೇ, ತಾತ್ಕಾಲಿಕ ಹೆಸರಿನಲ್ಲಿದ್ದ ಕಡತಕ್ಕೆ ಅದರ ನಿಜವಾದ ಹೆಸರು ಕೊಟ್ಟು, ಹಳೆಯದನ್ನು ಅಳಿಸುವುದು ಸರಿಯಾದ ಕ್ರಮ.

ನಮ್ಮ ಕಾಲೇಜುಗಳ ಕಥೆ ಇನ್ನೊಂದು ಬಗೆಯದು. ಪ್ರವೇಶದ ದಿನಗಳಲ್ಲಿ ವಿದ್ಯಾರ್ಥಿಗಳು ಅಂಕಪಟ್ಟಿ, ಜಾತಿ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಭಾವಚಿತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಮತ್ತು ಜೆಪೆಗ್ ಕಡತಗಳು ಮೊದಲೇ ಕುಗ್ಗಿಸಿದವು, ಜಿಜಿಪ್ ಅವುಗಳಲ್ಲಿ ಹಿಂಡಲು ಹೆಚ್ಚೇನೂ ಉಳಿದಿರುವುದಿಲ್ಲ; ಒಮ್ಮೆ ಹಾಕಿದ ಮೇಲೆ ಅವು ಬದಲಾಗುವುದೂ ಅಪರೂಪ. ಹೀಗಿದ್ದೂ ದಿನಕ್ಕೊಂದು, ಎಲ್ಲವನ್ನೂ ಕಟ್ಟಿದ ಪೂರ್ತಿ ಟಾರ್ ಕಡತ ಮಾಡುವುದು ಅರ್ಥವಿಲ್ಲದ ಖರ್ಚು. ಬದಲಾಗದ ಕಡತಗಳಿಗೆ ಹಾರ್ಡ್ ಲಿಂಕ್ (ಅದೇ ಕಡತಕ್ಕೆ ಇನ್ನೊಂದು ಹೆಸರು) ಮಾಡಿ ಬದಲಾದವನ್ನಷ್ಟೇ ನಕಲಿಸುವ ಆರ್‌ಸಿಂಕ್ ವಿಧಾನವಾಗಲಿ, ಪುನರಾವರ್ತನೆಯನ್ನು ತಾವೇ ಗುರುತಿಸುವ ರೆಸ್ಟಿಕ್, ಬೋರ್ಗ್‌ಬ್ಯಾಕಪ್ ತರಹದ ಉಪಕರಣಗಳಾಗಲಿ ಇಲ್ಲಿ ಉಳಿಸುವ ಜಾಗ ಸಣ್ಣದಲ್ಲ. ಇನ್ನೊಂದು ಲಾಭವೂ ಇದೆ: ಸೆಕೆಂಡಿಗೆ 20 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 100 ಜಿಬಿ ಹೊರಗೆ ಕಳಿಸಲು ಸುಮಾರು 11 ಗಂಟೆ ಬೇಕು, ದಿನದ ಬದಲಾವಣೆಯಷ್ಟನ್ನೇ ಕಳಿಸುವುದಾದರೆ ನಮ್ಮೂರಿನ ಇಂಟರ್ನೆಟ್ ಕೂಡ ಸಾಕಾಗುತ್ತದೆ. ಲೈನ್ ನಿಧಾನವೆಂಬ ನೆವದಲ್ಲಿ ದತ್ತಾಂಶವೂ ಬ್ಯಾಕಪ್ಪೂ ಒಂದೇ ಡಿಸ್ಕಿನಲ್ಲಿ ಕೂರುವ ಪದ್ಧತಿ ಅಲ್ಲಿಗೆ ಮುಗಿಯಬೇಕು.

ಜಾಗ ತುರ್ತಾಗಿ ಬೇಕಾದಾಗ ಕೈ ಹೋಗುವುದು ಲಾಗ್‌ಗಳ ಕಡೆಗೆ. ಮೈಎಸ್‌ಕ್ಯುಎಲ್ 8.0 ಪ್ರತಿ ಬದಲಾವಣೆಯನ್ನೂ ಬರೆದಿಡುವ ತನ್ನ ಬೈನರಿ ಲಾಗ್‌ಗಳನ್ನು ಯಾರೂ ಹೇಳದಿದ್ದರೆ 30 ದಿನ ಇಟ್ಟುಕೊಳ್ಳುತ್ತದೆ. ಈ ಅವಧಿಯನ್ನು ಇಳಿಸಬಹುದು, ಆದರೆ ಕಡತಗಳನ್ನು ನೇರವಾಗಿ ಅಳಿಸದೆ ಡೇಟಾಬೇಸಿನ ಪರ್ಜ್ ಆಜ್ಞೆಯಿಂದಲೇ ತೆಗೆಯಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಇಂಥದೇ ಲಾಗ್‌ಗಳಿರುವ ಪಿಜಿ-ವಾಲ್ ಫೋಲ್ಡರನ್ನಂತೂ ಕೈಯಿಂದ ಮುಟ್ಟುವ ಮಾತೇ ಇಲ್ಲ, ಅದು ಬೆಳೆಯುತ್ತಿದ್ದರೆ ಅವನ್ನು ಬೇರೆಡೆ ನಕಲಿಸುವ ಆರ್ಕೈವ್ ಆಜ್ಞೆ ಸೋಲುತ್ತಿದೆಯೋ, ಈಗ ಇಲ್ಲದ ನಕಲು ಸರ್ವರಿಗಾಗಿ ಲಾಗ್ ಹಿಡಿದಿಡುವ ಸತ್ತ ರೆಪ್ಲಿಕೇಶನ್ ಸ್ಲಾಟ್ ಒಂದು ಉಳಿದುಕೊಂಡಿದೆಯೋ ನೋಡಬೇಕು. ಸಿಸ್ಟಂ ಲಾಗ್‌ಗಳ ವಿಷಯದಲ್ಲಿ ಕಾನೂನೂ ಇದೆ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಅವನ್ನು 180 ದಿನ ಕಾಯ್ದಿಡಬೇಕೆನ್ನುತ್ತದೆ. ಅಳಿಸುವ ಬದಲು ಕುಗ್ಗಿಸಿ ಬೇರೆ ಡಿಸ್ಕಿಗೆ ಸಾಗಿಸುವುದೇ ದಾರಿ.

ಎಚ್ಚರಿಕೆಯ ಇಮೇಲ್ ಬರುವಂತೆ ಮಾಡಿದ್ದೇವೆ ಎಂದು ನಿಶ್ಚಿಂತರಾಗಿರುವವರು 2017ರ ಜನವರಿಯಲ್ಲಿ, ಪ್ರೋಗ್ರಾಂ ಬರೆಯುವವರ ಕೋಡ್ ಇಡುವ ಜಾಲತಾಣವಾದ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಓದಬೇಕು. ಡೇಟಾಬೇಸ್ ಅಳಿಸಿಹೋದ ಮೇಲೆ ನೋಡಿದರೆ ಪೋಸ್ಟ್‌ಗ್ರೆಸ್‌ನ ಪಿಜಿಡಂಪ್ ಬ್ಯಾಕಪ್‌ಗಳು ವಿಫಲವಾಗುತ್ತಲೇ ಇದ್ದವು, ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳು ತಿರಸ್ಕೃತವಾಗಿದ್ದವು. ಅಂಥ ಸಂಸ್ಥೆಯೇ ಸುಮಾರು ಆರು ಗಂಟೆಗಳ ದತ್ತಾಂಶ ಕಳೆದುಕೊಂಡಿತು. ಹೀಗಾಗಿ ಬ್ಯಾಕಪ್ ವಿಫಲವಾದಾಗ ಬರುವ ಸಂದೇಶಕ್ಕಿಂತ, ಯಶಸ್ವಿಯಾದಾಗ ಕಡತದ ಗಾತ್ರ ಮತ್ತು ಉಳಿದ ಜಾಗದೊಡನೆ ದಿನವೂ ಬರುವ ಸಂದೇಶವನ್ನು ನಾನು ಹೆಚ್ಚು ನಂಬುತ್ತೇನೆ. ಅದು ಬಾರದ ದಿನವೇ ಎದ್ದು ನೋಡಬಹುದು.

ಕೊನೆಗೆ ಆಡಳಿತ ಮಂಡಳಿಗಳಿಗೆ ಒಂದು ವಿನಂತಿ. ಸರ್ವರ್ ಖರೀದಿಯ ಪತ್ರದಲ್ಲಿ ಡಿಸ್ಕಿನ ಗಾತ್ರ ಬರೆಯುವಾಗ ದತ್ತಾಂಶ ಎಷ್ಟು, ಇಡಬೇಕಾದ ಪ್ರತಿಗಳು ಎಷ್ಟು, ಮೇಲೊಂದು ಪ್ರತಿ, ಮತ್ತು ಆ ಬ್ಯಾಕಪ್ಪನ್ನು ತೆರೆದು ನೋಡಲು ಬೇಕಾದ ಖಾಲಿ ಜಾಗ ಎಷ್ಟು ಎಂಬ ನಾಲ್ಕನ್ನೂ ನಿಮ್ಮ ಸಿಸ್ಟಂ ನೋಡಿಕೊಳ್ಳುವವರಿಂದ ಬರೆಸಿಕೊಳ್ಳಿ. ರಿಸ್ಟೋರ್ ಮಾಡಿ ನೋಡಲು ಜಾಗ ಎಲ್ಲಿದೆ ಸರ್ ಎಂದು ಅವರು ಕೇಳುತ್ತಿರುವ ಪ್ರಶ್ನೆಗೆ ನಿಮ್ಮ ಕಡೆಯಿಂದ ಇನ್ನೂ ಉತ್ತರ ಹೋಗಿಲ್ಲ.