ಕೇಳಬಾರದ ಸಂಗೀತದ ಕಾವಲುಗಾರರು

ಲಂಡನ್ನಿನಲ್ಲಿ ನೆಲೆಸಿರುವ ನಮ್ಮ ಭಾವನವರು ತಾವು ‘ಲೈಬ್ರರಿ ಮ್ಯೂಸಿಕ್’ ಸಂಗ್ರಹಿಸುತ್ತಿರುವುದಾಗಿ ಊರಿಗೆ ಬಂದಾಗ ಘೋಷಿಸಿದರು. ಅದನ್ನು ಕೇಳಿದ ಸೋದರತ್ತೆ, ಲೈಬ್ರರಿಯಲ್ಲಿ ‘ನಿಶ್ಶಬ್ದ’ ಎಂದು ಬೋರ್ಡು ಹಾಕಿರುತ್ತಾರಲ್ಲ, ಅಲ್ಲಿ ಸಂಗೀತಕ್ಕೇನು ಕೆಲಸವೆಂದು ವಿಚಾರಿಸಿದರು. ಭಾವನವರು ನಕ್ಕು ಸುಮ್ಮನಾದರು. ಆದರೆ ಅದೇ ಬೋರ್ಡನ್ನು ಅವರ ಮನೆಯ ಕಪಾಟಿಗೆ ತೂಗುಹಾಕಿದರೆ ಏನೂ ತಪ್ಪಾಗದೆಂಬುದು ನಾನು ಅಲ್ಲಿಗೆ ಹೋಗಿ ನಾಲ್ಕು ದಿನ ಉಳಿದ ಮೇಲೆ ತಿಳಿಯಿತು.

ಈ ಲೈಬ್ರರಿ ಮ್ಯೂಸಿಕ್ ಎಂಬುದು ನಮ್ಮ ಶಾಮಿಯಾನ ಅಂಗಡಿಯ ವ್ಯವಹಾರದಂಥದ್ದು. ಶಾಮಿಯಾನದವನು ಮದುವೆಗೂ ತಿಥಿಗೂ ಅದೇ ಕುರ್ಚಿಗಳನ್ನು ಬಾಡಿಗೆಗೆ ಕಳುಹಿಸುವಂತೆ, ಈ ಸಂಸ್ಥೆಗಳು ಮುಂಚಿತವಾಗಿಯೇ ಸಂಗೀತವನ್ನು ಮಾಡಿಟ್ಟುಕೊಂಡು, ಜಾಹೀರಾತಿಗೋ ಸುದ್ದಿಚಿತ್ರಕ್ಕೋ ಟಿವಿ ಧಾರಾವಾಹಿಗೋ ಬೇಕೆಂದವರಿಗೆ ಶುಲ್ಕ ಪಡೆದು ಕೊಡುತ್ತಿದ್ದವು. ಲಂಡನ್ನಿನ ಡಿ ವುಲ್ಫ್ ಸಂಸ್ಥೆ 1909ರಲ್ಲಿ, ಅಂದರೆ ಚಲನಚಿತ್ರಕ್ಕೆ ಇನ್ನೂ ಬಾಯಿ ಬಾರದ ಕಾಲದಲ್ಲಿ, ಈ ವ್ಯಾಪಾರಕ್ಕೆ ಇಳಿಯಿತು. ಕೆಪಿಎಂ ಎಂಬ ಇನ್ನೊಂದು ಸಂಸ್ಥೆ 1960ರ ದಶಕದಲ್ಲಿ ಹೊರತಂದ ‘1000’ ಎಂಬ ಸರಣಿಯ ಎಲ್‌ಪಿಗಳಿಗೆ, ಅಂದರೆ ಗ್ರಾಮಫೋನ್ ತಟ್ಟೆಗಳಿಗೆ, ಬಹುಪಾಲು ಒಂದೇ ಹಸಿರು ಕವರು. ಸರ್ಕಾರಿ ಕಡತಕ್ಕಾದರೂ ಅದಕ್ಕಿಂತ ಹೆಚ್ಚು ಅಲಂಕಾರವಿರುತ್ತದೆ. ಹಿಂಬದಿಯಲ್ಲಿ ಪ್ರತಿಯೊಂದು ತುಣುಕಿಗೂ ಒಂದೊಂದು ಸಾಲಿನ ವಿವರಣೆಯಿರುತ್ತಿತ್ತು: ಇದು ಚುರುಕಾದದ್ದು, ಇದು ಕಾರ್ಖಾನೆಯ ದೃಶ್ಯಕ್ಕೆ, ಇದು ಬೆನ್ನಟ್ಟುವುದಕ್ಕೆ, ಇದು ಇಷ್ಟೇ ಸೆಕೆಂಡಿನದು. ಅಂಗಡಿಯಲ್ಲಿ ಈ ತಟ್ಟೆಗಳು ಮಾರಾಟಕ್ಕೇ ಇರಲಿಲ್ಲ. ಅವು ನೇರವಾಗಿ ಸ್ಟುಡಿಯೋಗಳ ಕಪಾಟು ಸೇರುತ್ತಿದ್ದವು.

ಆಗ ಬ್ರಿಟನ್ನಿನ ಸಂಗೀತಗಾರರ ಸಂಘಕ್ಕೆ ಈ ಬಾಡಿಗೆ ಸಂಗೀತ ಎಂದರೆ ಆಗುತ್ತಿರಲಿಲ್ಲ. ಹಾಗಾಗಿ ಸಂಯೋಜಕರು ಸ್ವರಲಿಪಿಯನ್ನು ಬಗಲಲ್ಲಿರಿಸಿಕೊಂಡು ಜರ್ಮನಿಯ ಕೊಲೋನಿಗೋ ಬೆಲ್ಜಿಯಮ್ಮಿನ ಬ್ರಸೆಲ್ಸಿಗೋ ಹೋಗಿ ಧ್ವನಿಮುದ್ರಣ ಮುಗಿಸಿ ಬರುತ್ತಿದ್ದರು. ಅಲನ್ ಹಾಕ್‌ಶಾ, ಕೀತ್ ಮ್ಯಾನ್ಸ್‌ಫೀಲ್ಡರಂಥವರು ಹೀಗೆ ಬಾರಿಸಿದ ಆರ್ಗನ್ನು, ಬೇಸ್ ಗಿಟಾರು ಮತ್ತು ಡ್ರಮ್ಮುಗಳಲ್ಲಿ ನಿಜವಾದ ಕಸುವಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಯಾರೂ ಗಮನಿಸುವುದಿಲ್ಲ ಎಂಬ ಭರವಸೆಯಿದ್ದುದರಿಂದಲೇ ಅವರು ಅಷ್ಟು ಧೈರ್ಯವಾಗಿ ನುಡಿಸಿದರೋ ಏನೋ. ಹಾಕ್‌ಶಾ ಅವರ ‘ಚಿಕನ್ ಮ್ಯಾನ್’ ಎಂಬ ರಚನೆ 1978ರಲ್ಲಿ ಬಿಬಿಸಿಯ ‘ಗ್ರೇಂಜ್ ಹಿಲ್’ ಎಂಬ ಶಾಲಾಮಕ್ಕಳ ಧಾರಾವಾಹಿಗೆ ಶೀರ್ಷಿಕೆ ಸಂಗೀತವಾಯಿತು. ಮರುವರ್ಷ ಪ್ರತಿಸ್ಪರ್ಧಿ ವಾಹಿನಿಯಲ್ಲಿ ಮೂಕಾಭಿನಯ ನೋಡಿ ಉತ್ತರ ಊಹಿಸುವ ಆಟಕ್ಕೂ ಅದೇ ಧಾಟಿ ಬೇರೆ ವೇಷದಲ್ಲಿ ಬಂತು. ಮದುವೆಯ ಕುರ್ಚಿ ತಿಥಿಗೂ ಹೋಯಿತು, ಕೂತವರು ಯಾರೂ ದೂರಲಿಲ್ಲ.

ಮುಂದೆ ಸಿ.ಡಿ. ಬಂದಾಗ ಕಚೇರಿಗಳು ಈ ತಟ್ಟೆಗಳನ್ನು ಕಸಕ್ಕೆ ಹಾಕಿದವು. ಕಸದ ತೊಟ್ಟಿಯಿಂದ ಎತ್ತಿಕೊಂಡವರು ಸಂಗ್ರಾಹಕರಾದರು, ಎತ್ತಿಕೊಳ್ಳಲು ತಡವಾದವರು ಗಿರಾಕಿಗಳಾದರು. ಹಿಪ್‌ಹಾಪ್‌ನವರು ಹಳೆಯ ಡ್ರಮ್ಮಿನ ಎರಡು ಸೆಕೆಂಡನ್ನು ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಳ್ಳತೊಡಗಿದ ಮೇಲಂತೂ, ಒಂದು ಕಾಲಕ್ಕೆ ಪುಕ್ಕಟೆಯಾಗಿ ಹಂಚಿದ್ದ ಹಸಿರು ಕವರಿಗೆ ನೂರಾರು ಪೌಂಡ್ ಬೆಲೆ ಬಂತು. ಬೆಲೆ ಏರುವ ನಿಯಮವೂ ವಿಚಿತ್ರ. ಬೇರೆ ಸಂಗೀತಕ್ಕೆ ಕೇಳುಗರು ಹೆಚ್ಚಿದಷ್ಟೂ ಮರ್ಯಾದೆ. ಇದಕ್ಕೆ ಕೇಳಿದವರ ಸಂಖ್ಯೆ ಸೊನ್ನೆಯ ಹತ್ತಿರವಾದಷ್ಟೂ ಪ್ರತಿಷ್ಠೆ. ಯಾವುದೋ ಸಂಸ್ಥೆ ಅಪರೂಪದ ಎಲ್‌ಪಿಯೊಂದನ್ನು ಮರುಮುದ್ರಿಸಿದ ದಿನ ಭಾವನವರ ಮುಖ ಸೂತಕದ ಮನೆಯವರ ಮುಖದಂತಿತ್ತು. ಇನ್ನು ಯಾರು ಬೇಕಾದರೂ ಇದನ್ನು ಕೇಳಿಬಿಡುತ್ತಾರಲ್ಲ ಎಂದು ಅವರು ಮರುಗಿದಾಗ, ಸಮಾಧಾನ ಹೇಳುವ ಬಗೆ ನನಗೆ ತೋಚಲಿಲ್ಲ.

ಈ ಪಂಥದ ಭಾಷೆಯನ್ನೂ ಕಲಿಯಬೇಕು. ಇಲ್ಲಿ ಮಾರುವವರು ತಟ್ಟೆಯ ಸ್ಥಿತಿ ‘ಗುಡ್’ ಎಂದು ಬರೆದದ್ದನ್ನು ಹಾಕಿದರೆ ಒಗ್ಗರಣೆಯ ಸಾಸಿವೆ ಸಿಡಿದ ಸದ್ದು ಬರುತ್ತದೆ; ‘ವೆರಿ ಗುಡ್’ ಎಂದರೆ ಸಾಧಾರಣ. ನೆಚ್ಚಿಕೊಳ್ಳಬಹುದಾದದ್ದು ‘ನಿಯರ್ ಮಿಂಟ್’ ಮಾತ್ರ, ಅದೂ ಮುಳ್ಳು ಸೋಕದಿದ್ದರೆ. ನಮ್ಮ ಮೇಷ್ಟರೊಬ್ಬರು ನನ್ನ ನೋಟುಪುಸ್ತಕದ ಮೇಲೆ ಹಾಕುತ್ತಿದ್ದ ‘ಗುಡ್’ನ ಅರ್ಥ ಇಷ್ಟು ವರ್ಷಗಳಾದ ಮೇಲೆ ಈಗ ಹೊಳೆದಿದೆ.

ಸಿನಿಮಾ ಸಂಗೀತದ ತಟ್ಟೆಗಳ ಭಕ್ತರದು ಇನ್ನೊಂದು ದಾರಿ. ಚಿತ್ರವನ್ನು ನೋಡಿಲ್ಲ, ನೋಡುವ ಮನಸ್ಸೂ ಇಲ್ಲ. ಚಿತ್ರ ಎಷ್ಟು ಹೀನಾಯವಾಗಿ ಸೋತಿದ್ದರೆ ತಟ್ಟೆ ಅಷ್ಟು ಶ್ರೇಷ್ಠ. ಇಟಲಿಯ ಪಿಯೆರೊ ಉಮಿಲಿಯಾನಿ 1968ರಲ್ಲಿ ಸ್ವೀಡನ್ನಿನ ಬಗೆಗಿನ ಒಂದು ಹುಸಿ ಸಾಕ್ಷ್ಯಚಿತ್ರದ ಉಗಿಸ್ನಾನದ ದೃಶ್ಯಕ್ಕೆ ಮಾಡಿದ ‘ಮನ ಮನ’ ಎಂಬ ಅರ್ಥವಿಲ್ಲದ ಹಾಡು ಮುಂದೆ ಮಪೆಟ್ ಗೊಂಬೆಗಳ ಬಾಯಿ ಸೇರಿ ಜಗತ್ತಿನ ಮಕ್ಕಳಿಗೆಲ್ಲ ಪರಿಚಿತವಾಯಿತು. ಮಕ್ಕಳಿಗೆಲ್ಲ ಗೊತ್ತಿರುವ ಹಾಡನ್ನು ಭಾವನವರು ಹತ್ತಿರ ಸೇರಿಸುವುದಿಲ್ಲ. 1968ರಲ್ಲೇ ನಮ್ಮಲ್ಲೂ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಎಂಬ ಪತ್ತೇದಾರಿ ಚಿತ್ರಗಳು ಬಂದಿದ್ದವು, ಎರಡಕ್ಕೂ ಜಿ.ಕೆ. ವೆಂಕಟೇಶ್ ಸಂಗೀತವಿತ್ತು ಎಂದು ನಾನು ಬಾಯಿತಪ್ಪಿ ಹೇಳಿದೆ. ಭಾವನವರ ಕಣ್ಣು ಹೊಳೆಯಿತು. ಅವರು ಊರಿನ ನಮ್ಮ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಗಳ ಬಗ್ಗೆ ವಿಚಾರಿಸಿದಾಗ, ಅಟ್ಟಕ್ಕೆ ಗೆದ್ದಲು ಹಿಡಿದಿದೆಯೆಂದು ಸುಳ್ಳು ಹೇಳಿ ಪಾರಾದೆ.

ಕೊನೆಯ ದಿನ, ಹೊದಿಕೆ ಬಿಚ್ಚದೆ ಇಟ್ಟಿದ್ದ ಒಂದು ಎಲ್‌ಪಿಯನ್ನು ತೋರಿಸಿ, ‘ಭಾವ, ಇದನ್ನೊಮ್ಮೆ ಹಾಕಬಾರದೇ?’ ಎಂದೆ.

‘ಹಾಕಿದರೆ ಬೆಲೆ ಬಿದ್ದುಹೋಗುತ್ತದಪ್ಪ,’ ಎಂದರು.

ಅಷ್ಟರಲ್ಲಿ ಇಟಲಿಯಿಂದ ಬರಬೇಕಿದ್ದ ಇನ್ನೊಂದು ತಟ್ಟೆ ದಾರಿಯಲ್ಲಿ ಕಾಣೆಯಾಗಿದೆಯೆಂದು ತಿಳಿದು, ಅವರು ಕೊರಿಯರ್ ಕಚೇರಿಗೆ ಫೋನು ಹಚ್ಚಿದರು. ‘ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ’ ಎಂದ ಯಂತ್ರ ಒಂದು ಸಂಗೀತವನ್ನು ಹಾಕಿತು. ಆರ್ಗನ್ನು, ಬೇಸ್ ಗಿಟಾರು, ಡ್ರಮ್ಮು. ಭಾವನವರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತು, ಫೋನಿನ ಸದ್ದು ಹೆಚ್ಚಿಸಿ ಕಣ್ಣು ಮುಚ್ಚಿಕೊಂಡರು. ಅವರ ಕಾಲು ತಾಳ ಹಾಕತೊಡಗಿತು. ನಲವತ್ತು ನಿಮಿಷದ ಮೇಲೆ ಹುಡುಗಿಯೊಬ್ಬಳು ಬಂದು, ತನ್ನಿಂದ ಏನು ಸಹಾಯವಾಗಬೇಕೆಂದು ಕೇಳಿದಳು.

‘ಏನೂ ಬೇಡಮ್ಮ,’ ಎಂದು ಭಾವನವರು ಇಂಗ್ಲಿಷಿನಲ್ಲಿ ವಿನಂತಿಸಿಕೊಂಡರು, ‘ನನ್ನನ್ನು ಇನ್ನೊಂದು ಸಲ ಕಾಯಿಸಲು ಸಾಧ್ಯವೇ?’